ರೇಡಿಯೋ ಕಾಯುವುದಿಲ್ಲ

ಮೊದಲು ಬಂದಿದ್ದು ತಲೆನೋವು.

ಬೆಳಿಗ್ಗೆ ರೇಡಿಯೋದಲ್ಲಿ ಸುದ್ದಿ ಓದುತ್ತಿದ್ದರು. ನಾನು ರೇಷ್ಮೆ ಹುಳದ ಮನೆಯಲ್ಲಿದ್ದೆ. ಮೊಮ್ಮಗಳು ದೀಕ್ಷಾ ಬಾಗಿಲಲ್ಲಿ ನಿಂತು, "ಅಜ್ಜಿ, ತಲೆ ನೋಯ್ತೈತೆ" ಅಂದಳು. ಆರು ವರ್ಷದ ಮಗು. ಮೊಣಕೈಯಿಂದ ಹಣೆ ಮುಟ್ಟಿ ನೋಡಿದೆ, ಸುಡುತ್ತಿತ್ತು. "ಹೋಗಿ ಮಲಕ್ಕೋ, ಬತ್ತೀನಿ" ಅಂದೆ. ಎರಡು ಕೈಯಲ್ಲೂ ಹುಳ ಇದ್ದವು, ಅದಕ್ಕೇ ಮೊಣಕೈ.

ನಾನು ಓದಿದ್ದು ನಾಲ್ಕನೇ ಕ್ಲಾಸು. ತಪ್ಪಿದ್ದರೆ ನೀವೇ ತಿದ್ದಿಕೊಳ್ಳಿ. ಸಂತೋಷದ ವಿಷಯ ಹೇಳಬೇಕು ಅಂತಲೇ ಬರೆಯಲು ಕೂತವಳು. ಎದೆ ತುಂಬಿ ಬಂದಿದೆ, ಯಾರಿಗೆ ಹೇಳಿದರೂ ಸಾಲುತ್ತಿಲ್ಲ. ಆದರೆ ಬರೆಯೋಕೆ ಕೂತರೆ ಕಹಿಯೇ ಮುಂದೆ ಬಂದು ನಿಲ್ಲುತ್ತೆ. ಅದನ್ನು ದಾಟಿಕೊಂಡೇ ಹೋಗಬೇಕು.

ಹುಳ ಸಾಕದವರಿಗೆ ಒಂದು ಮಾತು ತಿಳಿದಿರಲಿ. ಮೂರೂವರೆ ವಾರ ಹಿಪ್ಪುನೇರಳೆ ಸೊಪ್ಪು ತಿಂದ ಹುಳ ಒಂದು ದಿನ ತಿನ್ನುವುದನ್ನು ಬಿಟ್ಟುಬಿಡುತ್ತೆ. ಮೈ ಹಳದಿಗೆ ತಿರುಗುತ್ತೆ, ತಲೆ ಎತ್ತಿ ಆಕಡೆ ಈಕಡೆ ಆಡಿಸುತ್ತೆ. ಹಣ್ಣಾಯಿತು ಅನ್ನುತ್ತೇವೆ. ಹಣ್ಣಾದ ಹುಳವನ್ನು ಆಗಿಂದಾಗಲೇ ಆಯ್ದು ಬಿದಿರಿನ ಚಂದ್ರಿಕೆಯ ಮೇಲೆ ಬಿಡಬೇಕು. ಅಲ್ಲಿ ಅದು ಗೂಡು ಕಟ್ಟುತ್ತೆ. ತಡ ಮಾಡಿದರೆ ಬಾಯಿಂದ ಬರುವ ನೂಲನ್ನು ಸೊಪ್ಪಿನ ಮೇಲೇ ಸುರಿದು ಹಾಳುಮಾಡುತ್ತೆ. ಆ ದಿನ ಮನೆಯಲ್ಲಿ ಒಲೆ ಹತ್ತುವುದಿಲ್ಲ. ಎಷ್ಟು ಕೈಗಳಿದ್ದರೂ ಸಾಲುವುದಿಲ್ಲ.

ಮಗುವಿಗೆ ಜ್ವರ ಬಂದದ್ದು ಆ ದಿನವೇ.

ಸೊಸೆ ಸವಿತಾ ಹೊಸಕೋಟೆ ಹತ್ತಿರ ಫ್ಯಾಕ್ಟರಿ ಕೆಲಸಕ್ಕೆ ಹೋಗುತ್ತಾಳೆ. ಅವತ್ತು ಹುಳ ಆಯುವುದಕ್ಕೆಂದೇ ರಜ ಹಾಕಿದ್ದಳು. ಒಂಬತ್ತು ಗಂಟೆ ಹೊತ್ತಿಗೆ ಬಂದು ಹೇಳಿದಳು: "ಅತ್ತೆ, ಮಗೂಗೆ ವಾಂತಿ ಆಯ್ತು. ಸೂಲಿಬೆಲೆ ಡಾಕ್ಟ್ರಿಗೆ ತೋರಿಸ್ಕೊಂಡು ಬಂದ್ಬಿಡ್ತೀನಿ."

"ನೀನೋದ್ರೆ ಆಯೋರು ಯಾರವ್ವ? ಮುನಿರಾಜ ಒಬ್ನೇ ಏನ್ ಮಾಡ್ತಾನೆ? ಹುಳ ಆಗ್ಲಿ. ಆದ್ಮೇಲೆ ಎಲ್ರೂ ಹೋಗಾಣ."

ಮುನಿರಾಜ ನನ್ನ ಮಗ. ಅವನು ತಲೆ ಎತ್ತಲಿಲ್ಲ. ಸವಿತಾ ಮೂರು ಸಲ ಕೇಳಿದಳು. ಮೂರು ಸಲವೂ ನಾನು ಅದೇ ಹೇಳಿದೆ. ಮೂರನೇ ಸಲ ದನಿ ಏರಿಸಿ ಹೇಳಿದೆ.

ಹೋಗಾಣ ಅನ್ನುವ ಮಾತು ಮಗುವಿನ ಕಿವಿಗೆ ಬಿದ್ದಿತ್ತು. ಅದಕ್ಕೆ ಆ ಡಾಕ್ಟರು ಅಂದರೆ ಇಷ್ಟ, ಹೋದಾಗಲೆಲ್ಲ ಒಂದು ಚಾಕಲೇಟು ಕೊಡುತ್ತಾರೆ. ಚಪ್ಪಲಿ ಹಾಕಿಕೊಂಡು ಬಂದು ಜಗಲಿ ಮೇಲೆ ಕೂತುಬಿಟ್ಟಿತು. ಅಲ್ಲಿಂದಲೇ ಕೂಗಿತು: "ಹುಳ ಆಯ್ತಾ ಅಜ್ಜಿ?"

"ಆಯ್ತದೆ, ಇರು."

ಸ್ವಲ್ಪ ಹೊತ್ತಾದ ಮೇಲೆ ಮತ್ತೆ, "ಹುಳ ಆಯ್ತಾ?" ದನಿ ಸಣ್ಣಗಾಗಿತ್ತು.

"ಇರೇ ಅಂದ್ನಲ್ಲ!"

ಮೂರನೇ ಸಲ ಕೇಳಲಿಲ್ಲ. ಗೋಡೆಗೆ ಒರಗಿ ನಿದ್ದೆ ಹೋಗಿತ್ತು. ಮಲಗಿತಲ್ಲ ಅಂತ ನನಗೆ ನೆಮ್ಮದಿಯೇ ಆಯಿತು.

ಮಧ್ಯಾಹ್ನ ಹೆಂಗಸರ ಕಾರ್ಯಕ್ರಮ ಬರುವ ಹೊತ್ತು. ರೇಡಿಯೋದಲ್ಲಿ ಒಬ್ಬಾಕೆ ನಿಂಬೆಕಾಯಿ ಉಪ್ಪಿನಕಾಯಿ ಹಾಕುವುದು ಹೇಗೆ ಅಂತ ಹೇಳುತ್ತಿದ್ದಳು. ಜಗಲಿಯಿಂದ ಸವಿತಾ ಕಿರುಚಿದಳು. ಓಡಿ ಹೋಗಿ ನೋಡಿದರೆ ಮಗು ಕಣ್ಣು ಮೇಲೆ ಮಾಡಿದೆ, ಕೈಕಾಲು ಸೆಟೆದು ಅದುರುತ್ತಿವೆ, ಬಾಯಲ್ಲಿ ನೊರೆ. ಒಂದು ಕಾಲಿನ ಚಪ್ಪಲಿ ಕಳಚಿ ಅಂಗಳಕ್ಕೆ ಬಿದ್ದಿತ್ತು.

ಉಪ್ಪನ್ನು ಹುರಿದುಕೊಳ್ಳಬೇಕು ಅಂತ ರೇಡಿಯೋದಲ್ಲಿ ಆಕೆ ಹೇಳುತ್ತಲೇ ಇದ್ದಳು.

*

ಸೂಲಿಬೆಲೆ ಡಾಕ್ಟರು ಮಗುವನ್ನು ನೋಡಿದವರೇ ಇಂಜೆಕ್ಷನ್ ಕೊಟ್ಟು, ಒಂದು ಕ್ಷಣ ನಿಲ್ಲಬೇಡಿ ಅಂದರು. ಆಂಬುಲೆನ್ಸಿನಲ್ಲಿ ಬೆಂಗಳೂರಿನ ದೊಡ್ಡ ಆಸ್ಪತ್ರೆ ಸೇರಿದೆವು. ಐಸಿಯು. ಬೆನ್ನಿನಿಂದ ನೀರು ತೆಗೆದರು. ಎಮ್ಮಾರೈ ಮಾಡಿದರು. ಎನ್ಸೆಫಲೈಟಿಸ್ ಅಂದರು. ನನಗೆ ಅದನ್ನು ಹೇಳಲು ಬಾಯಿ ತಿರುಗುತ್ತಿರಲಿಲ್ಲ. ಈಗ ತಿರುಗುತ್ತೆ. ಮೆದುಳಿಗೆ ಊತ ಬರುವ ಕಾಯಿಲೆ.

ಅಲ್ಲಿನ ಡಾಕ್ಟರು ಇನ್ನೂ ಚಿಕ್ಕ ವಯಸ್ಸಿನವರು. "ಯಾವಾಗ ಶುರುವಾಯ್ತು?" ಅಂತ ಕೇಳಿದರು.

"ಬೆಳಿಗ್ಗೆ ಸಾರ್" ಅಂದ ಮುನಿರಾಜ.

"ಬೆಳಿಗ್ಗೆಯಿಂದ ಏನ್ ಮಾಡ್ತಿದ್ರಿ?"

"ಹುಳ ಇತ್ತು ಸಾರ್."

"ಹೊಟ್ಟೇಲಾ?"

ಸವಿತಾ ನನ್ನ ಮುಖ ನೋಡಿದಳು. ಬೈದಿದ್ದರೆ ಚೆನ್ನಾಗಿತ್ತು. ನಾಲ್ಕು ಜನರ ಮುಂದೆ ನನ್ನ ಜುಟ್ಟು ಹಿಡಿದು ಕೇಳಿದ್ದರೂ ತಲೆ ಬಗ್ಗಿಸುತ್ತಿದ್ದೆ. ಅವಳು ನೋಡಿದಳು, ಆಮೇಲೆ ಗೋಡೆ ಕಡೆ ತಿರುಗಿಕೊಂಡಳು.

ಆಮೇಲೊಂದು ದಿನ ಆ ಡಾಕ್ಟರು ಒಬ್ಬರೇ ಸಿಕ್ಕಾಗ ಕೇಳಿದೆ, "ಅವತ್ತು ಬೆಳಿಗ್ಗೇನೇ ಬಂದಿದ್ರೆ ಇಷ್ಟಾಗ್ತಿರಲಿಲ್ವಾ ಸಾಮಿ?"

"ಅದನ್ನ ಯಾರೂ ಹೇಳೋಕಾಗಲ್ಲಮ್ಮ. ಬೇಗ ಬಂದಷ್ಟೂ ಒಳ್ಳೇದು, ಅಷ್ಟೇ."

ಒಳ್ಳೆಯ ಮನುಷ್ಯ. ಸುಳ್ಳು ಹೇಳಲಿಲ್ಲ. ಆದರೆ ಆ "ಅಷ್ಟೇ" ಅನ್ನುವುದು ನನ್ನ ಜೊತೆಯಲ್ಲೇ ಮನೆಗೆ ಬಂತು, ಈಗಲೂ ಇದೆ.

ಐದು ದಿನ ವೆಂಟಿಲೇಟರು. ಅದಾದ ಮೇಲೆ ಎರಡು ವಾರ ವಾರ್ಡು. ಈ ಕಡೆ ನಮ್ಮ ಹುಳವನ್ನು ಅಕ್ಕಪಕ್ಕದವರು ಬಂದು ಆಯ್ದು ಚಂದ್ರಿಕೆಗೆ ಬಿಟ್ಟಿದ್ದರು. ಅಷ್ಟು ಗಟ್ಟಿ ಗೂಡು ನಿಮ್ಮ ಮನೆಯಲ್ಲಿ ಹಿಂದೆ ಯಾವತ್ತೂ ಆಗಿರಲಿಲ್ಲ ಅಂತ ಹೊಗಳಿದರು. ನಾನು ನೋಡಲಿಲ್ಲ. ಮುನಿರಾಜನೂ ನೋಡಲಿಲ್ಲ. ಮತ್ತೆ ಹುಳದ ಮೊಟ್ಟೆ ತರಲಿಲ್ಲ. ಹುಳದ ಮನೆಗೆ ಬೀಗ ಬಿತ್ತು. ತೋಟದ ಸೊಪ್ಪನ್ನು ಬೇರೆಯವರು ಕೊಯ್ದುಕೊಂಡು ಹೋಗುತ್ತಾರೆ.

ಮಗು ಮನೆಗೆ ಬಂತು. ಬಲಗಾಲು ಎಳೆಯುತ್ತಿತ್ತು, ಬಲಗೈಯಲ್ಲಿ ಶಕ್ತಿ ಇಲ್ಲ. ಕಣ್ಣು ಮಾತ್ರ ಎಲ್ಲವನ್ನೂ ನೋಡುತ್ತಿತ್ತು.

ಮಾತು ಹೋಗಿತ್ತು.

ಮೊದಲು ಹೇಗಿದ್ದಳು ಅಂತ ಹೇಳಬೇಕು. ಕೋಳಿ ಹತ್ತಿರ ಮಾತು, ಕಂಬದ ಹತ್ತಿರ ಮಾತು, ತಿನ್ನುವ ಮುದ್ದೆಗೂ ಬುದ್ಧಿ ಹೇಳುವಳು. "ಬಾಯಿಗೆ ಬೀಗ ಹಾಕೇ" ಅಂತ ದಿನಕ್ಕೆ ಹತ್ತು ಸಲ ಅಂದವಳು ನಾನೇ. ಅದೊಂದು ಮಾತನ್ನು ವಾಪಸ್ಸು ತಗೊಳ್ಳುವ ಹಾಗಿದ್ದರೆ.

ನೆಂಟರು ಬರತೊಡಗಿದರು. ನಂದಗುಡಿಯಿಂದ ನನ್ನ ನಾದಿನಿ ಚಿಕ್ಕತಾಯಮ್ಮ ಬಂದಳು. ಮಗುವಿನ ಗದ್ದ ಹಿಡಿದೆತ್ತಿ, "ನಾನ್ಯಾರು ಹೇಳು? ಹೇಳು ನೋಡಾಣ? ನಿನ್ ಹೆಸ್ರೇನು?" ಅಂತ ಶುರುಮಾಡಿದಳು. ಒಂದರ ಮೇಲೊಂದು, ಉಸಿರು ಬಿಡದೆ. ಮಗು ಕಣ್ಣು ಕೆಳಗೆ ಹಾಕಿತು.

"ಅಯ್ಯೋ ಅತ್ಗೆ, ಮೂಗಿ ಆಗೋಯ್ತಲ್ಲೇ ಕೂಸು!"

"ಕಿವಿ ಚೆನ್ನಾಗೈತೆ ಅದಕ್ಕೆ" ಅಂದೆ. "ನಿನ್ ಬಾಯೂ ಚೆನ್ನಾಗೈತೆ. ಕಾಪಿ ಕುಡುದ್ರೆ ಬಸ್ಸು ಸಿಗ್ತದೆ, ಎದ್ದೇಳು."

"ನಂಗ್ಯಾಕೆ ಉರಿದುಬೀಳ್ತೀಯ? ನಾನಾ ಮಗೂನ ಜಗಲೀಲಿ ಕೂರ್ಸಿದ್ದು?"

ಅವಳೂ ಸುಳ್ಳು ಹೇಳಲಿಲ್ಲ.

*

ಆಸ್ಪತ್ರೆಯವರು ಸ್ಪೀಚ್ ಥೆರಪಿ ಬರೆದುಕೊಟ್ಟಿದ್ದರು. ಹೊಸಕೋಟೆಯಲ್ಲಿ ಶಬೀನಾ ಮೇಡಂ ಅಂತ. ಸವಿತಾ ಕೆಲಸಕ್ಕೆ ಹೋಗಲೇಬೇಕಿತ್ತು, ಮುನಿರಾಜ ಡ್ರೈವರ್ ಕೆಲಸ ಹಿಡಿದಿದ್ದ. ಹಾಗಾಗಿ ಮಗುವನ್ನು ಕರೆದುಕೊಂಡು ಹೋಗುವವಳು ನಾನೇ. ಮೇಡಂ ನೋಡಿ, "ಅರ್ಥ ಎಲ್ಲಾ ಆಗ್ತಾ ಇದೆ ಅಜ್ಜಿ ಇವಳಿಗೆ. ಮಾತು ದಾರಿ ತಪ್ಪಿದೆ. ಮನೇಲಿ ಇವಳ ಜೊತೆ ಚೆನ್ನಾಗಿ ಮಾತಾಡ್ತಾ ಇರಿ" ಅಂದರು.

ಮನೆಗೆ ಬಂದು ಎದುರಿಗೆ ಕೂತೆ. ಏನು ಮಾತಾಡಲಿ? "ಊಟ ಮಾಡು", "ಮಲಕ್ಕೋ", "ಸುಮ್ನಿರು". ಮೂರಕ್ಕೆ ಮುಗಿದುಹೋಯಿತು. ನಲವತ್ತು ವರ್ಷ ಹುಳದ ಮನೆಯಲ್ಲಿ ಕಳೆದವಳು ನಾನು. ಅಲ್ಲಿ ಕೈಗೆ ಕೆಲಸ, ಬಾಯಿಗಲ್ಲ. ಅಲ್ಲಿ ಮಾತಾಡುತ್ತಿದ್ದದ್ದು ಮೊಳೆಗೆ ನೇತುಹಾಕಿದ್ದ ರೇಡಿಯೋ ಒಂದೇ.

ಆಗ ನನಗೊಂದು ಬುದ್ಧಿ ಹೊಳೆಯಿತು. ಬುದ್ಧಿ ಅಂತ ಆಗ ಅಂದುಕೊಂಡೆ. ಬೀಗ ತೆಗೆದು, ಆ ರೇಡಿಯೋ ಒರೆಸಿ, ಹೊಸ ಸೆಲ್ಲು ಹಾಕಿ ಮಗುವಿನ ಮಂಚದ ಪಕ್ಕ ಇಟ್ಟೆ. ದೇಶಕ್ಕೆಲ್ಲ ಮಾತಾಡುವ ಸರ್ಕಾರದ ರೇಡಿಯೋ. ಸಿನಿಮಾ ಹಾಡಿನದಲ್ಲ, ಮಾತಿನ ಸ್ಟೇಷನ್ನು. ಬೆಳಿಗ್ಗೆ ಒಳ್ಳೆಯ ಮಾತು ಹೇಳುವವರೊಬ್ಬರು ಬರುತ್ತಾರೆ. ಅದಾದ ಮೇಲೆ ನಮ್ಮ ರಾಜ್ಯದ ಸುದ್ದಿ, ಡೆಲ್ಲಿ ಸುದ್ದಿ. ಸಂಸ್ಕೃತದಲ್ಲೂ ಸುದ್ದಿ ಇದೆ, ನನಗೆ ಒಂದಕ್ಷರ ತಿಳಿಯದಿದ್ದರೂ ಎಷ್ಟೋ ವರ್ಷದಿಂದ ಕೇಳುತ್ತಿದ್ದೇನೆ. ಆಮೇಲೆ ಕೆಲಸ ಖಾಲಿ ಇರುವ ಕಡೆಗಳ ವಿವರ, ಗೂಡಿನ ಮಾರುಕಟ್ಟೆ ಧಾರಣೆ, ಮಧ್ಯಾಹ್ನ ಹೆಂಗಸರದು, ಡಾಕ್ಟರಿಗೆ ಫೋನು ಮಾಡಿ ಕೇಳುವುದು, ಒಂದು ನಾಟಕ. ಸಂಜೆ ರೈತರಿಗೆ, ಕೊನೆಗೆ ನಾಳೆ ಮಳೆ ಬರುತ್ತೋ ಇಲ್ಲವೋ ಅನ್ನುವುದು. ಉಪ್ಪಿನಕಾಯಿ ಆಕೆಯ ದನಿ ಬಂದಾಗ ಮಾತ್ರ ನಾನು ಎದ್ದು ಹಿತ್ತಿಲಿಗೆ ಹೋಗುತ್ತಿದ್ದೆ.

ಎರಡು ವಾರ ಬಿಟ್ಟು ಹೋದಾಗ ಹೆಮ್ಮೆಯಿಂದ ಹೇಳಿದೆ: "ದಿನಕ್ಕೆ ಹನ್ನೆರಡು ಗಂಟೆ ಮಾತು ಕೇಳಿಸ್ತಿದೀನಿ ಮೇಡಂ. ಓದಿರೋರ ಮಾತು, ನನ್ ಥರ ಹಳ್ಳಿ ಮಾತಲ್ಲ."

ಶಬೀನಾ ಮೇಡಂ ನಗಲಿಲ್ಲ. "ಅಜ್ಜಿ, ಆ ರೇಡಿಯೋ ಇವಳನ್ನ ಏನಾದ್ರೂ ಕೇಳುತ್ತಾ?"

"ಅದ್ಯಾಕೆ ಕೇಳ್ತದೆ?"

"ಕೇಳಿ, ಇವಳು ಹೇಳೋ ತನಕ ಕಾಯುತ್ತಾ?"

ನಾನು ಮಗುವಿನ ಕಡೆ ತಿರುಗಿದೆ.

"ಇವಳ ತಲೇಲಿ ಮಾತು ಹುಡುಕೋಕೆ ಟೈಮ್ ಬೇಕು ಅಜ್ಜಿ. ಒಂದು ಕೇಳಿ. ಆಮೇಲೆ ಮನಸ್ಸಲ್ಲಿ ಹತ್ತು ಎಣಿಸಿ. ಅವಳ ಮುಖ ನೋಡ್ತಾ ಸುಮ್ನೆ ಕಾಯಿರಿ. ನೀವಾಗೇ ಉತ್ತರ ಹೇಳ್ಬೇಡಿ, ಇನ್ನೊಂದು ಕೇಳ್ಬೇಡಿ. ಕಾಯೋದೇ ಔಷಧಿ."

ಬಸ್ಸಿನಲ್ಲಿ ಮಗುವನ್ನು ತೊಡೆ ಮೇಲೆ ಕೂರಿಸಿಕೊಂಡು ಬಂದೆ. ಕಾಯೋದೇ ಔಷಧಿಯಂತೆ. ಅವತ್ತು ಬೆಳಗ್ಗೆಯಿಂದ ಚಪ್ಪಲಿ ಹಾಕಿಕೊಂಡು ಕಾದಿತ್ತಲ್ಲ ಈ ಮಗು, ಅದಕ್ಕೆ ಯಾವ ಔಷಧಿ ಸಿಕ್ಕಿತು? ಇವತ್ತು ನನ್ನ ಸರದಿ, ಹತ್ತು ಎಣಿಸುವಷ್ಟು. ಅದೂ ನನ್ನ ಕೈಲಾಗುತ್ತಿರಲಿಲ್ಲ. ಐದಕ್ಕೇ ಬಾಯಿ ತುರಿಸುತ್ತಿತ್ತು. ನೀರು ಬೇಕಾ ಅಂತ ಕೇಳಿ, ಬೇಕು ಅಂತ ನಾನೇ ಹೇಳಿ, ನಾನೇ ಕುಡಿಸಿಬಿಡುತ್ತಿದ್ದೆ.

ಕೊನೆಗೆ ರೇಡಿಯೋವನ್ನೇ ಹಿಡಿದುಕೊಂಡೆ. ನನಗೆ ಕೇಳಲು ಬರುವುದಿಲ್ಲ, ಅದರಲ್ಲಿ ಕೇಳುವವರಿದ್ದಾರೆ. ಸಂದರ್ಶನ, ಡಾಕ್ಟರ ಫೋನು, ರೈತರದು, ಎಲ್ಲದರಲ್ಲೂ ಪ್ರಶ್ನೆ ಇದ್ದೇ ಇರುತ್ತೆ. ಒಬ್ಬರು ಪ್ರಶ್ನೆ ಕೇಳಿ ಮುಗಿಸಿದ ತಕ್ಷಣ ಸೌಂಡಿನ ಗುಂಡಿಯನ್ನು ತಿರುಗಿಸಿ ಸೊನ್ನೆಗೆ ತರುತ್ತಿದ್ದೆ. ಮಗುವಿನ ಮುಖ ನೋಡುತ್ತಾ ಬೆರಳಿನ ಗೆಣ್ಣು ಎಣಿಸುತ್ತಿದ್ದೆ. ಹತ್ತಾದ ಮೇಲೆ ಮತ್ತೆ ಸೌಂಡು ಕೊಡುತ್ತಿದ್ದೆ. ಸವಿತಾ ಒಂದು ಭಾನುವಾರ ಇದನ್ನು ನೋಡಿ, "ಅತ್ತೆ, ಹಸುಗೆ ಯಾವ ಹಿಂಡಿ ಹಾಕ್ಬೇಕು ಅಂತ ನನ್ ಮಗಳನ್ನ ಕೇಳ್ತಿದೀರಾ?" ಅಂದಳು. ಕಾಯಿಲೆ ಬಂದಾಗಿನಿಂದ ಅವಳು ನನ್ನ ಹತ್ತಿರ ಆಡಿದ ಉದ್ದದ ಮಾತು ಅದೇ. ಬಯ್ಗುಳವೋ ತಮಾಷೆಯೋ ಗೊತ್ತಾಗಲಿಲ್ಲ. ಅಷ್ಟಾದರೂ ಆಡಿದಳಲ್ಲ ಅಂತ ಒಳಗೆ ಹೋಗಿ ಅತ್ತುಬಿಟ್ಟೆ.

ಹೀಗೇ ವಾರಗಳು ಹೋದವು. ಮಗು ಏನೂ ಹೇಳಲಿಲ್ಲ. ತುಟಿ ಒಂದೊಂದು ಸಲ ಅಲುಗುತ್ತಿತ್ತು. ಅಲುಗಿತು ಅಂತ ನನಗೆ ಮಾತ್ರ ಕಾಣುತ್ತಿತ್ತು, ಮುನಿರಾಜನನ್ನು ಕರೆದರೆ ಅವನು ಬರುವಷ್ಟರಲ್ಲಿ ಇಲ್ಲ. "ನಿಂಗೆ ಭ್ರಮೆ ಕಣವ್ವ" ಅನ್ನುತ್ತಿದ್ದ. ಇರಬಹುದು ಅಂತ ನನಗೂ ಅನ್ನಿಸಿತ್ತು.

ಒಂದು ಮಧ್ಯಾಹ್ನ ಯಾರೋ ಕೇಳುಗರು ಡಾಕ್ಟರನ್ನು ಮಂಡಿನೋವಿನ ಬಗ್ಗೆ ಕೇಳುತ್ತಿದ್ದರು. ನಾನು ಹಾಲು ಉಕ್ಕೀತು ಅಂತ ಒಲೆ ಕಡೆ ನೋಡುತ್ತಿದ್ದೆ. ಇದ್ದಕ್ಕಿದ್ದಂತೆ ರೇಡಿಯೋ ನಿಂತಿತು. ಸೆಲ್ಲು ಹೋಯಿತೇನೋ ಅಂತ ತಿರುಗಿದರೆ, ಮಗು ಎಡಗೈಯಲ್ಲಿ ಗುಂಡಿ ತಿರುಗಿಸಿ ಹಿಡಿದುಕೊಂಡಿದೆ. ನನ್ನ ಮುಖ ನೋಡುತ್ತಿದೆ. ಕಾಯುತ್ತಿದೆ.

ಉತ್ತರ ಹೇಳುವ ಸರದಿ ನನ್ನದಂತೆ!

"ಮಂಡಿಗೆ ಹರಳೆಣ್ಣೆ ಹಚ್ಬೇಕು ಕಣಮ್ಮ" ಅಂದೆ. ಅದು ಸೌಂಡು ಕೊಟ್ಟಿತು. ಹಾಲು ಉಕ್ಕಿ ಒಲೆಯೆಲ್ಲ ಹಾಳಾಗಿತ್ತು. ನನಗೆ ಅಂಥ ಸಂತೋಷ ಮುನಿರಾಜ ಹುಟ್ಟಿದಾಗಲೂ ಆಗಿರಲಿಲ್ಲ.

ಆಮೇಲೆ ಅದೇ ನಮ್ಮ ಆಟ. ಒಂದು ಸಲ ನಾನು ತಿರುಗಿಸುವುದು, ಒಂದು ಸಲ ಅದು. ಅದರ ಸರದಿಯಲ್ಲಿ ನಾನು ಹೇಳುತ್ತಿದ್ದೆ, ನನ್ನ ಸರದಿಯಲ್ಲಿ ಮನೆ ನಿಶ್ಶಬ್ದ.

ಜಗಲಿಯಲ್ಲಿ ಬಿದ್ದ ದಿನಕ್ಕೆ ನಾಲ್ಕು ತಿಂಗಳು ತುಂಬಿತ್ತು. ಬೆಳಗಿನ ಹೊತ್ತು. ರೇಡಿಯೋದಲ್ಲಿ ಒಬ್ಬ ರೈತನನ್ನು ಮಾತಾಡಿಸುತ್ತಿದ್ದರು. "ಈ ಬೆಳೆ ಕೈಗೆ ಬರೋಕೆ ಎಷ್ಟು ದಿನ ಬೇಕು?" ಅಂತ ಕೇಳಿದರು. ನನ್ನ ಸರದಿ. ಗುಂಡಿ ತಿರುಗಿಸಿದೆ. ಒಂದು, ಎರಡು, ಮೂರು. ಮಗು ಬಾಗಿಲಾಚೆ ನೋಡುತ್ತಿತ್ತು. ಅಲ್ಲಿಂದ ಹುಳದ ಮನೆಯ ಬೀಗ ಕಾಣುತ್ತೆ. ನಾಲ್ಕು, ಐದು. ತುಟಿ ಅಲುಗಿತು. ಆರು.

"ಹುಳ..."

ಏಳು. ನಾನು ಬಾಯಿ ಬಿಟ್ಟರೆ ಬಂದ ಮಾತು ಓಡಿಹೋಗುತ್ತೇನೋ ಅನ್ನುವ ಭಯ. ಎಂಟು.

"ಹುಳ... ಆಯ್ತಾ?"

ಮೂರನೇ ಸಲ ಕೇಳಿದಳು ನನ್ನ ಮಗು. ನಾಲ್ಕು ತಿಂಗಳು ಬಿಟ್ಟು.

ಅಮ್ಮ ಅನ್ನಬಹುದಿತ್ತು. ನೀರು ಅನ್ನಬಹುದಿತ್ತು. ನನಗೆ ಇದೇ ಸಿಗಬೇಕಿತ್ತು, ಇದೇ ಸಿಕ್ಕಿತು. ಆದರೂ ಹೇಳುತ್ತೇನೆ, ಆ ಮಾತಿನಷ್ಟು ಸಿಹಿಯಾದ ಮಾತನ್ನು ನಾನು ಕೇಳಿಲ್ಲ. ಸಿಹಿ ಗಂಟಲಲ್ಲೇ ಸುಟ್ಟುಹೋಯಿತು, ಅದು ಬೇರೆ.

"ಆಯ್ತು ಕಣಮ್ಮ" ಅಂದೆ. "ಹುಳ ಎಲ್ಲಾ ಆಯ್ತು."

ಸವಿತಾಗೆ ಫೋನು ಮಾಡಿದೆ. ಕೆಲಸದ ಹೊತ್ತಲ್ಲಿ ಮಾಡಬಾರದು, ಮಾಡಿದೆ. "ಮಾತಾಡ್ತು ಕಣೇ! ಮಗು ಮಾತಾಡ್ತು!"

"ಏನಂದ್ಲು ಅತ್ತೆ? ಏನಂದ್ಲು?"

ಅಮ್ಮ ಅಂದಳು ಅಂತ ಹೇಳಬಹುದಿತ್ತು. ನಾಲಿಗೆ ತುದಿಗೆ ಬಂದಿತ್ತು. ನುಂಗಿಕೊಂಡೆ. "ಹುಳ ಆಯ್ತಾ ಅಂತ ಕೇಳ್ದಳವ್ವ."

ಆ ಕಡೆಯಿಂದ ಮಿಷನ್ನುಗಳ ಸದ್ದು ಮಾತ್ರ. ನಾನು ಎಣಿಸಲಿಲ್ಲ, ಆದರೆ ಕಾದೆ. ಆಮೇಲೆ ಅವಳು ಹೇಳಿದಳು: "ನಾನೂ ಅವತ್ತು ಮೂರು ಸಲ ಕೇಳ್ದೆ ಅತ್ತೆ."

"ಹೂಂ ಕಣವ್ವ. ಕೇಳ್ದೆ. ನಾನೇ ಬಿಡ್ಲಿಲ್ಲ."

ಅಷ್ಟನ್ನು ನಾನು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು. ಅವಳು ಅತ್ತಳು. ನಾನೂ ಅತ್ತೆ. ಕ್ಷಮಿಸಿದೆ ಅಂತ ಅವಳು ಹೇಳಲಿಲ್ಲ, ನಾನು ಕೇಳಲೂ ಇಲ್ಲ. "ಫೋನು ಅವಳ ಕಿವಿಗೆ ಹಿಡೀರಿ" ಅಂದಳು. ಹಿಡಿಯೋಣ ಅಂತ ತಿರುಗಿದರೆ ಮಂಚದ ಮೇಲೆ ಮಗು ಇಲ್ಲ.

ಜಗಲಿಯಲ್ಲಿತ್ತು. ಒಂದು ಕಾಲಿಗೆ ಚಪ್ಪಲಿ ಹಾಕಿಕೊಂಡಿತ್ತು. ಬಲಗಾಲಿಗೆ ಇನ್ನೊಂದನ್ನು ಎಡಗೈಯಲ್ಲಿ ತುರುಕಲು ಒದ್ದಾಡುತ್ತಿತ್ತು.

ಹುಳ ಆದ ಮೇಲೆ ಹೋಗಾಣ ಅಂದಿದ್ದೆನಲ್ಲ.

ಏನು ಮಾಡಲಿ? ಚಪ್ಪಲಿ ಹಾಕಿಸಿದೆ. ಸೊಂಟದ ಮೇಲೆ ಎತ್ತಿಕೊಂಡು ರೋಡಿಗೆ ಹೋಗಿ ಬಸ್ಸು ಹತ್ತಿದೆ. ಡೈರಿ ಹತ್ತಿರ ನಿಂತಿದ್ದವರೆಲ್ಲ ಏನಾಯ್ತು ಪಿಳ್ಳಮ್ಮ, ಮತ್ತೆ ಜ್ವರಾನಾ ಅಂತ ಕೂಗಿದರು. "ಮಾತಾಡ್ತು! ನನ್ ಮೊಮ್ಮಗಳು ಮಾತಾಡ್ತು!" ಅಂತ ಕಿಟಕಿಯಿಂದ ಕೂಗಿದೆ. ಕಂಡಕ್ಟರು ತಲೆ ಕೆಟ್ಟವಳನ್ನು ನೋಡುವ ಹಾಗೆ ನೋಡಿದ. ನೋಡಲಿ.

ಸೂಲಿಬೆಲೆ ಡಾಕ್ಟರು ನಮ್ಮನ್ನು ಕಂಡು ಎದ್ದೇ ನಿಂತರು. ಮಗುವನ್ನು ಎದುರಿನ ಸ್ಟೂಲಿನ ಮೇಲೆ ಕೂರಿಸಿದೆ.

"ಏನಮ್ಮ ದೀಕ್ಷಾ, ಏನಾಗಿದೆ ನಿಂಗೆ?" ಅಂದರು.

ನಾನು ಬಾಯಿ ತೆರೆದೆ. ಮುಚ್ಚಿಕೊಂಡೆ. ಡಾಕ್ಟರು ಇನ್ನೊಂದು ಕೇಳಲು ಹೊರಟರು, ಅವರಿಗೆ ಕೈ ಅಡ್ಡ ಹಿಡಿದೆ. ಸೆರಗಿನೊಳಗೆ ಗೆಣ್ಣು ಎಣಿಸತೊಡಗಿದೆ. ಹತ್ತಾಯಿತು. ಮತ್ತೆ ಒಂದರಿಂದ ಶುರುಮಾಡಿದೆ. ಹೊರಗೆ ಬೆಂಚಿನ ಮೇಲೆ ಜನ ಗೊಣಗುತ್ತಿದ್ದರು.

"ತಲೆ..." ಅಂತು ಮಗು. ಎಡಗೈ ಎತ್ತಿ ಹಣೆ ಮುಟ್ಟಿಕೊಂಡಿತು. "ತಲೆ ನೋಯ್ತಿತ್ತು."

ನೋಯ್ತೈತೆ ಅನ್ನಲಿಲ್ಲ. ನೋಯ್ತಿತ್ತು ಅಂತು.

ಡಾಕ್ಟರು ಡ್ರಾಯರು ತೆಗೆದು ಚಾಕಲೇಟು ಕೊಟ್ಟರು.

ಇದಾಗಿ ಒಂದು ತಿಂಗಳಾಯಿತು. ಈಗ ಅವಳಿಗೆ ಸುಮಾರು ಮಾತುಗಳು ಬರುತ್ತವೆ, ನಿಧಾನವಾಗಿ. ಫಿಟ್ಸ್ ಮಾತ್ರೆ ಇನ್ನೂ ಎರಡು ವರ್ಷ ಕೊಡಬೇಕಂತೆ. ಬಲಗೈ ಹೇಗಾಗುತ್ತೋ ಯಾರೂ ಹೇಳುತ್ತಿಲ್ಲ. ಸವಿತಾ ನನ್ನ ಹತ್ತಿರ ಬೇಕಾದಷ್ಟು ಮಾತಾಡುತ್ತಾಳೆ, ಅದಕ್ಕಿಂತ ಹೆಚ್ಚಿಗೆ ಇಲ್ಲ. ಅದು ಅವಳ ನ್ಯಾಯ. ಬೇರೆ ಮನೆಯ ಅಜ್ಜಿಯರೂ ಓದಲಿ, ಬರೀರಿ ಅಂತ ಶಬೀನಾ ಮೇಡಂ ಹೇಳಿದ್ದಕ್ಕೆ ಇಷ್ಟು ಬರೆದೆ.

ಪಕ್ಕದಲ್ಲಿ ರೇಡಿಯೋ ಇದೆ, ಸೌಂಡು ಸೊನ್ನೆಯಲ್ಲಿದೆ. ದೀಕ್ಷಾ ನನ್ನನ್ನು ಏನೋ ಕೇಳಲು ಹೊರಟಿದ್ದಾಳೆ. ಮೊದಲ ಅಕ್ಷರ ಬಂದಿದೆ. ಉಳಿದದ್ದಕ್ಕೆ ಕಾಯುತ್ತಿದ್ದೇನೆ.